ಮೇಪಲ್ ಎಲೆಯೂ ಚಿತ್ತಾ ಮಳೆಯೂ

ಬೆಂಗಳೂರಿನ ಪೂರ್ವದಂಚಿನ ಕುಂದಲಹಳ್ಳಿಯಂತಹ ಬಡಾವಣೆಗಳಲ್ಲಿ ಅಕ್ಟೋಬರ್ ಬಂದಿತೆಂದರೆ ಕಿರಿಯ ತರಗತಿಯ ಮಕ್ಕಳ ಚೀಲದಲ್ಲಿ ಶರತ್ಕಾಲದ ಚಟುವಟಿಕೆಯ ಹಾಳೆಗಳು ಮನೆ ಸೇರುವುದುಂಟು. ಕೆಂಪು ಬಳಿಯಬೇಕಾದ ಮೇಪಲ್ ಎಲೆ, ಕಿತ್ತಳೆ ಬಣ್ಣದ ಕುಂಬಳಕಾಯಿ, ಓಕ್ ಕಾಯಿ ಹಿಡಿದ ಅಳಿಲು. ಕೆಳಗೆ ‘ಎಲೆ ಉದುರುವ ಕಾಲ’ದ ಬಗ್ಗೆ ಐದು ವಾಕ್ಯ ಬರೆಯಲು ಗೆರೆಗಳು. ಅಂತರಜಾಲದಿಂದ ಇಳಿಸಿಕೊಂಡ ಆ ಹಾಳೆಯನ್ನು ಮಗು ತುಂಬುತ್ತಿರುವಾಗ ಕಿಟಕಿಯ ಹೊರಗೆ ಚಿತ್ತಾ ಮಳೆ ಹೊಯ್ಯುತ್ತಿರುತ್ತದೆ, ಹೊಂಗೆಯ ಮರ ಹಚ್ಚಹಸಿರಾಗಿ ನಿಂತಿರುತ್ತದೆ.

ಮೇಪಲ್ ಎಲೆ ಕೆಂಪಾಗುವುದಕ್ಕೆ ಅದರದೇ ಆದ ಕಾರಣವಿದೆ. ಉತ್ತರದ ಶೀತ ದೇಶಗಳಲ್ಲಿ ಹಗಲು ವೇಗವಾಗಿ ಕುಗ್ಗುತ್ತದೆ, ಚಳಿ ಏರುತ್ತದೆ, ಮರವು ಎಲೆಯ ಹಸಿರನ್ನು ಕರಗಿಸಿ ಸಾರವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಬಹುತೇಕ ಮರಗಳು ಎಲೆ ಕಳಚುವುದು ನೆಲ ಒಣಗುವ ಶಿಶಿರದಲ್ಲಿ, ನೀರನ್ನು ಉಳಿಸಿಕೊಳ್ಳಲು. ಹಾಗಾಗಿ ಆ ಹಾಳೆ ಮಗುವಿಗೆ ಕಲಿಸುವುದು ಒಂದೇ: ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಾಗದದಲ್ಲಿರುವುದನ್ನು ನಂಬು.

ಇಲ್ಲಿನ ಶರದೃತುವಿನಲ್ಲಿ ಬರೆಯಲು, ಬಿಡಿಸಲು ಏನಿದೆ ಎಂದು ಕೇಳುವವರು ಬೆಳಗಿನ ಹೊತ್ತು ಆಕಾಶಮಲ್ಲಿಗೆಯ ಮರದ ಕೆಳಗೆ ನಿಲ್ಲಬೇಕು. ನೀಳ ಕೊಳವೆಯ ಬಿಳಿ ಹೂಗಳು ಕಾಲುದಾರಿಯ ಮೇಲೆ ಹಾಸಿಕೊಂಡಿರುತ್ತವೆ. ಹೆಣೆಯಲು ದಾರವೂ ಬೇಡ. ಕೆರೆಯಂಚಿಗೆ ಹಿಮಾಲಯದ ಆಚೆಯಿಂದ ಸಿಪಿಲೆಗಳು ಬಂದಿಳಿಯುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೊಡತಿಹುಳುಗಳಲ್ಲಿ ಒಂದು ಜಾತಿ ಇದೇ ತಿಂಗಳುಗಳಲ್ಲಿ ಸಮುದ್ರ ದಾಟಿ ಆಫ್ರಿಕದತ್ತ ಹಾರುತ್ತದೆ. ನಗರದ ಹೊರಗೆ ಉಳಿದಿರುವ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ, ಶರದೃತುವಿನ ಹೊಸ್ತಿಲಲ್ಲೇ, ಮಹದೇವಪುರದ ಸುತ್ತಲಿನ ಬಡಾವಣೆಗಳು ಮುಳುಗಿ ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದರು. ಟ್ರ್ಯಾಕ್ಟರಿನಲ್ಲಿ ಕುಳಿತು ಬಂದ ಮಗುವಿಗೆ ಐದು ವಾಕ್ಯಗಳಿಗೆ ಬರವೇ? ಆ ನೀರು ಎಲ್ಲಿಂದ ಬಂತು, ಹಿಂದೆ ಯಾವ ಕಾಲುವೆಯಲ್ಲಿ ಯಾವ ಕೆರೆಗೆ ಹೋಗುತ್ತಿತ್ತು ಎಂಬ ನಕ್ಷೆಯೂ ಚಿತ್ರಕಲೆಯೇ.

ಮಲೆನಾಡಿನ ಓದುಗರಿಗೆ ಶರತ್ಕಾಲದ ಚಿತ್ರಕಲೆ ಹೊಸದಲ್ಲ. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಆಶ್ವಯುಜದ ಭೂಮಿ ಹುಣ್ಣಿಮೆಗೆ ಮುನ್ನ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಬಿದಿರ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾರೆ. ಬತ್ತ ಹೊಡೆಗಟ್ಟಿದ ಹೊತ್ತು ಅದು. ಬಸಿರಾದ ಭೂಮಿಗೆ ಬಯಕೆಯೂಟವನ್ನು ಅದೇ ಬುಟ್ಟಿಯಲ್ಲಿ ಗದ್ದೆಗೆ ಒಯ್ಯುತ್ತಾರೆ. ಅಜ್ಜಿಯ ಪಕ್ಕದಲ್ಲಿ ಕುಳಿತು ಗೆರೆ ಎಳೆಯುವ ಹುಡುಗಿಗೆ ಬಣ್ಣ ಎಲ್ಲಿಯದು, ಈಗಲೇ ಏಕೆ, ಯಾರಿಗಾಗಿ ಎಂಬುದು ಒಟ್ಟಿಗೇ ತಿಳಿಯುತ್ತದೆ. (ಅದೇ ಬುಟ್ಟಿ ಈಗ ಗೋಡೆಯ ಅಲಂಕಾರವಾಗಿ ಮಾರಾಟವಾಗುತ್ತಿದೆ, ಆ ಮಾತು ಬೇರೆ.)

ಇದನ್ನು ಹಾಗೆಯೇ ಕುಂದಲಹಳ್ಳಿಗೆ ಹೊತ್ತೊಯ್ದರೆ ಮೇಪಲ್ ಎಲೆಯ ಬದಲು ಇನ್ನೊಂದು ಎರವಲು ಹಾಳೆಯಾದೀತು. ಅಲ್ಲಿನ ತರಗತಿಗಳಲ್ಲಿ ತೆಲುಗು, ತಮಿಳು, ಮಲೆಯಾಳ, ಹಿಂದಿ, ಬಂಗಾಳಿ ಮನೆಮಾತಿನ ಮಕ್ಕಳಿದ್ದಾರೆ. ತೆಲಂಗಾಣದ ಮನೆಯಲ್ಲಿ ಹೂವಿನ ಬತುಕಮ್ಮ, ಬಂಗಾಳದ ಅಜ್ಜಿಯ ನೆನಪಿನಲ್ಲಿ ಹೊಳೆದಂಡೆಯ ಬಿಳಿ ಕಾಶಹುಲ್ಲು, ಕನ್ನಡದ ಮನೆಯಲ್ಲಿ ಬೊಂಬೆ ಕೂರಿಸುವ ಸಡಗರ. ಮನೆಯ ಹಿರಿಯರನ್ನು ಕೇಳಿ ಬರೆದರೆ ಒಂದೇ ಕೋಣೆಯಲ್ಲಿ ಹತ್ತು ಶರತ್ತುಗಳು ಕೂಡುತ್ತವೆ.

ಶಿಕ್ಷಕರಿಗೆ ಸಮಯವಿಲ್ಲ, ಸಿದ್ಧ ಹಾಳೆಯೇ ಅನುಕೂಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಮೊದಲಾದಾಗ ಕಲಿಕೆಯ ಕಾರ್ಡುಗಳನ್ನು ರೂಪಿಸಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಮಗು ಮುಂದೆ ವಿದೇಶಕ್ಕೆ ಹೋಗುವುದು, ಮೇಪಲ್ ತಿಳಿದಿರಲಿ ಎನ್ನುವ ಪೋಷಕರೂ ಇದ್ದಾರೆ. ತಿಳಿಯಲಿ, ಮೊದಲು ಮನೆಮುಂದಿನ ಹೊಂಗೆ, ಆಮೇಲೆ ಮೇಪಲ್. ಒಂದು ಮರವನ್ನು ಆಯ್ದುಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿಗಳನ್ನು ದಿನಾಂಕದೊಡನೆ ಬರೆದಿಡಲು ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲ್. ಈ ದಸರಾ ರಜೆ ಮುಗಿದ ಸೋಮವಾರದಂದೇ ಆರಂಭಿಸಿದರೆ, ಫೆಬ್ರವರಿಯಲ್ಲಿ ಹೊಂಗೆ ನಿಜವಾಗಿ ಎಲೆ ಉದುರಿಸುವ ಹೊತ್ತಿಗೆ ಆ ಪುಸ್ತಕದಲ್ಲಿ ಹದಿನೈದಕ್ಕೂ ಹೆಚ್ಚು ಪುಟಗಳು ತುಂಬಿರುತ್ತವೆ.