ಮಾಡಿದವರಾರು, ಮಾಡಿಸಿದವರಾರು?

ಇಂಗ್ಲಿಷು ಬಾರದೆ ಕೆಟ್ಟವರಿಗಿಂತ ಅರೆಬರೆ ಬಂದು ಕೆಟ್ಟವರೇ ಹೆಚ್ಚೆಂದರೆ ಉತ್ಪ್ರೇಕ್ಷೆಯಾಗದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಬಂಧುಗಳು ಅರ್ಜಿ, ಜವಾಬು, ರಾಜೀನಾಮೆಗಳನ್ನು ಬಹುಮಟ್ಟಿಗೆ ಆ ಭಾಷೆಯಲ್ಲಿಯೇ ಬರೆಯಬೇಕಾಗಿದೆ. ಅಲ್ಲಿ ಕ್ರಿಯಾಪದವೊಂದು ತಪ್ಪಿದರೆ ಅನ್ನಕ್ಕೇ ಸಂಚಕಾರ ಬರುವುದುಂಟು.

ಕನ್ನಡದಲ್ಲಿ 'ಇಸು' ಎಂಬ ಪ್ರತ್ಯಯವಿದೆ. ಮಾಡು, ಮಾಡಿಸು; ಕಟ್ಟು, ಕಟ್ಟಿಸು. 'ಮನೆ ಕಟ್ಟಿಸಿದೆ' ಎಂದವನನ್ನು ಗಾರೆಯವನೆಂದು ಯಾರೂ ಭ್ರಮಿಸುವುದಿಲ್ಲ. ಇಂಗ್ಲಿಷಿನಲ್ಲಿ ಇಂತಹ ಸರ್ವೋಪಯೋಗಿ ಪ್ರತ್ಯಯವಿಲ್ಲ. 'ಹ್ಯಾವ್', 'ಗೆಟ್', 'ಮೇಕ್' ಎಂಬ ಕ್ರಿಯಾಪದಗಳೇ ಆ ಕೆಲಸವನ್ನು ಮಾಡಬೇಕು. 'ಐ ಕಟ್ ಮೈ ಹೇರ್' ಎಂದರೆ ತಾನೇ ಕತ್ತರಿ ಹಿಡಿದಂತೆ. ಕ್ಷೌರ ಮಾಡಿಸಿಕೊಂಡವನು 'ಐ ಹ್ಯಾಡ್ ಮೈ ಹೇರ್ ಕಟ್' ಎನ್ನಬೇಕು.

ಇಲ್ಲಿ ಪದಗಳ ಕ್ರಮವೇ ಪ್ರಾಣ. 'ಐ ಹ್ಯಾಡ್ ದಿ ಬಿಲ್ ಚೆಕ್ಡ್' ಎಂದರೆ ಬಿಲ್ಲನ್ನು ಮತ್ತೊಬ್ಬರಿಂದ ತಪಾಸಣೆ ಮಾಡಿಸಿದ್ದೆನೆಂದು ಅರ್ಥ. 'ಐ ಹ್ಯಾಡ್ ಚೆಕ್ಡ್ ದಿ ಬಿಲ್' ಎಂದರೆ ನಾನೇ ತಪಾಸಣೆ ಮಾಡಿದ್ದೆನೆಂದಾಗುತ್ತದೆ. ಪದಗಳು ಅವೇ, ಬಿಲ್ಲು ನಡುವಿನಿಂದ ಕೊನೆಗೆ ಸರಿಯಿತು, ಅಷ್ಟೆ. ಆದರೆ ಲೆಕ್ಕದಲ್ಲಿ ತಪ್ಪು ಹೊರಬಿದ್ದ ದಿನ ಎರಡನೆಯ ವಾಕ್ಯವನ್ನು ಬರೆದ ಗುಮಾಸ್ತನು ಪರರ ಹೊಣೆಯನ್ನು ತಾನೇ ತಲೆಯ ಮೇಲೆ ಹೊತ್ತಂತಾಯಿತು.

ಇದಕ್ಕಿಂತಲೂ ಗಂಭೀರವಾದುದು 'ಮೇಕ್' ಎಂಬುದರ ಕರ್ಮಣಿ ರೂಪ. 'ದೇ ಮೇಡ್ ಮಿ ಸೈನ್' ಎಂಬಲ್ಲಿ 'ಟು' ಇಲ್ಲ. ಅದನ್ನೇ ತಿರುಗಿಸಿದಾಗ 'ಐ ವಾಸ್ ಮೇಡ್ ಟು ಸೈನ್' ಎಂದು 'ಟು' ಬಂದು ಸೇರುತ್ತದೆ. 'ನನ್ನಿಂದ ಸಹಿ ಹಾಕಿಸಿಕೊಂಡರು' ಎಂದು ಕನ್ನಡದಲ್ಲಿ ಗೋಳಾಡುವ ಕಾರ್ಮಿಕನು ಇಂಗ್ಲಿಷಿನಲ್ಲಿ ಬರಿದೆ 'ಐ ಸೈನ್ಡ್' ಎಂದು ಬರೆದರೆ, ಬಲಾತ್ಕಾರದ ಸುಳಿವೇ ಮಾಯವಾಗುತ್ತದೆ. ಬಲಾತ್ಕಾರದಿಂದ ಒಪ್ಪಿಗೆ ಪಡೆದ ಕರಾರನ್ನು ಹಾಗೆ ಒಪ್ಪಿದವನು ಇಚ್ಛಿಸಿದಲ್ಲಿ ರದ್ದುಪಡಿಸಬಹುದೆಂದು 1872ರ ಭಾರತೀಯ ಕರಾರು ಅಧಿನಿಯಮದ 19ನೆಯ ಕಲಮು ಹೇಳುತ್ತದೆ. ವ್ಯಾಕರಣವೊಂದೇ ಬಲಾತ್ಕಾರವನ್ನು ಸಿದ್ಧಪಡಿಸಲಾರದು, ಸಾಕ್ಷ್ಯವೂ ಬೇಕು ಎಂಬುದು ನಿಜ. ಆದರೆ ಸ್ವಂತ ಅರ್ಜಿಯೇ ಸ್ವಂತ ಇಚ್ಛೆಯನ್ನು ಸಾರುತ್ತಿದ್ದರೆ ಸಾಕ್ಷಿಯು ಮಾಡುವುದೇನು? ಹೋಟೆಲು ನಡೆಸಿದ ನಮಗೆ ಸಹಿ ಹಾಕಿಸುವವರ ಮನೋಧರ್ಮವೂ ತಿಳಿಯದುದಲ್ಲ.

ಶಾಲೆಗಳಲ್ಲಿ ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಎಂದು ತಿರುಗಿಸುವುದನ್ನೇ ಗಿಳಿಪಾಠ ಮಾಡಿಸಿದರು. ರಾವಣನು ಹೇಗೂ ಸತ್ತನು. ಬದುಕಬೇಕಾದವನಿಗೆ ಅದರಿಂದ ದೊರೆತುದು ಅಲ್ಪ. ಕನ್ನಡವನ್ನು ಬೆರೆಸಿದರೆ ಇಂಗ್ಲಿಷು ಕೆಡುತ್ತದೆಂಬ ವಾದವನ್ನು ನಾವು ಒಪ್ಪೆವು. 'ಇಸು'ವಿನ ಅರ್ಥವು ನಮ್ಮ ಹುಡುಗರ ನಾಲಿಗೆಯಲ್ಲಿಯೇ ಇದೆ. ಅದನ್ನು ಮೆಟ್ಟಿಲಾಗಿಸಿಕೊಂಡು ಕಲಿಸಿದರೆ ಒಂದು ವಾರದ ಪಾಠವು ಜೀವಮಾನಕ್ಕೆ ಒದಗೀತು.

ನಮ್ಮ ಸಂಘಗಳು ನಾಡಹಬ್ಬ, ಯಕ್ಷಗಾನಗಳಿಗೆ ಮೀಸಲಿಡುವ ಸಂಜೆಗಳಲ್ಲಿ ಕೆಲವನ್ನು ಇಂತಹ ಪಾಠಕ್ಕೆ ಬಿಟ್ಟುಕೊಡಲಿ. ಓದುಗ ಬಂಧುಗಳೂ ಇಂಗ್ಲಿಷು ಕಾಗದಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ನಾನು ಮಾಡಿದೆನೆ, ಮಾಡಿಸಿದೆನೆ, ನನ್ನಿಂದ ಮಾಡಿಸಿಕೊಂಡರೆ? ಉತ್ತರವು ಕನ್ನಡದಲ್ಲಿ ಸ್ಪಷ್ಟವಾದ ಬಳಿಕವೇ ಲೇಖನಿಯನ್ನು ಕೈಗೆತ್ತಿಕೊಳ್ಳುವುದು ಕ್ಷೇಮ.