ಸೈರನ್ ಕೂಗಿದ ಮೇಲೆ ಬಾಗಿಲು ಬಡಿಯುವವರು ಯಾರು?

2025ರ ಮೇ 5ರಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ವಾಯುದಾಳಿ ಎಚ್ಚರಿಕೆಯ ಸೈರನ್‌ಗಳು ಕೆಲಸ ಮಾಡುತ್ತವೆಯೇ ನೋಡಿ, ದೀಪ ಆರಿಸುವ ತಾಲೀಮು ಮಾಡಿಸಿ, ಜನರನ್ನು ಸ್ಥಳಾಂತರಿಸುವ ಯೋಜನೆಯನ್ನು ಇಂದಿನ ಸ್ಥಿತಿಗೆ ಹೊಂದಿಸಿಕೊಳ್ಳಿ ಎಂಬುದು ಅದರ ಸಾರ. ಎರಡೇ ದಿನಕ್ಕೆ, ಪಾಕಿಸ್ತಾನದ ವಿರುದ್ಧ ಆಪರೇಷನ್ ಸಿಂಧೂರ ನಡೆದ ಮೇ 7ರಂದೇ, ನಾಗರಿಕ ರಕ್ಷಣೆಗೆಂದು ಗುರುತಿಸಿದ 244 ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆಗೆ ಸೂಚನೆಯಿತ್ತು. ನಮ್ಮ ಕೊಪ್ಪಳ ಜಿಲ್ಲೆಯ ನೆರೆಯ ರಾಯಚೂರು ಆ ಪಟ್ಟಿಯಲ್ಲಿತ್ತು. ಅಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಕೊಪ್ಪಳ ಇರಲಿಲ್ಲ. ಪಟ್ಟಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಪತ್ರದ ಇನ್ನೊಂದು ಭಾಗ. ತಾಲೀಮಿನಲ್ಲಿ ಯಾರು ಪಾಲ್ಗೊಳ್ಳಬೇಕು ಎಂದು ಅದು ಹೆಸರಿಸಿದ್ದು ಜಿಲ್ಲಾಡಳಿತ, ನಾಗರಿಕ ರಕ್ಷಣಾ ವಾರ್ಡನ್‌ಗಳು, ಗೃಹರಕ್ಷಕರು, ಎನ್‌ಸಿಸಿ, ಎನ್‌ಎಸ್‌ಎಸ್, ನೆಹರೂ ಯುವ ಕೇಂದ್ರ, ಶಾಲಾ ಕಾಲೇಜುಗಳ ವಿದ್ಯಾರ್ಥಿಗಳನ್ನು. ಆಶಾ ಕಾರ್ಯಕರ್ತೆ ಇಲ್ಲ, ಅಂಗನವಾಡಿ ಕಾರ್ಯಕರ್ತೆ ಇಲ್ಲ, ಸ್ವಸಹಾಯ ಸಂಘಗಳೂ ಇಲ್ಲ. ಊರಿನ ಪ್ರತಿ ಮನೆಯ ಹೊಸ್ತಿಲು ದಾಟಿ ಬಲ್ಲವರನ್ನೇ ಬಿಟ್ಟು ಊರನ್ನು ಕಾಯುವ ಯೋಜನೆ ಇದು. ಹಳ್ಳಿಗಾಡಿನಲ್ಲಿ ನಾಗರಿಕ ರಕ್ಷಣೆಯನ್ನು ಕಟ್ಟುವುದಾದರೆ ಈ ಮಹಿಳೆಯರಿಂದಲೇ ಶುರುಮಾಡಬೇಕು. ಅದೂ ಪುಕ್ಕಟೆ ಸೇವೆಯಾಗಿ ಅಲ್ಲ, ಕಾನೂನಿನ ಮಾನ್ಯತೆ, ಸಂಬಳ, ವಿಮೆ ಇರುವ ಕೆಲಸವಾಗಿ.

ಕೊಪ್ಪಳಕ್ಕೂ ವಾಯುದಾಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪಶ್ಚಿಮದ ಗಡಿ ಇಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ ಇದೆ. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳ ಮೇಲೆ ಬಾಂಬು ಬೀಳುತ್ತದೆ ಎಂದು ಹೆದರಿಸುವುದು ಬೇಜವಾಬ್ದಾರಿ. ಆದರೆ ಈ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಮುನಿರಾಬಾದಿಗೂ ಹೊಸಪೇಟೆಗೂ ನಡುವೆ, 105 ಟಿಎಂಸಿ ಅಡಿಗೂ ಹೆಚ್ಚು ನೀರು ಹಿಡಿಯುವ ತುಂಗಭದ್ರಾ ಜಲಾಶಯ ನಿಂತಿದೆ. ಯುದ್ಧದಲ್ಲಿ ಅಣೆಕಟ್ಟೆಗಳು ಗುರಿಯಾಗುವುದು ಕಟ್ಟುಕಥೆಯಲ್ಲ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಮೋನೆ ಅಣೆಕಟ್ಟೆಯನ್ನು ಒಡೆಯಲು ಹೊರಟವು. ಅಂದು ನೀರಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಂದಿ, ಕೆಳಗಿನ ನೇಹೈಮ್ ಪಟ್ಟಣದ ಶಿಬಿರದಲ್ಲಿ ಕೂಡಿಹಾಕಿದ್ದ, ಉಕ್ರೇನ್ ಮೊದಲಾದ ಕಡೆಗಳಿಂದ ಬಲವಂತದ ದುಡಿಮೆಗೆ ಹಿಡಿದು ತಂದಿದ್ದ ಮಹಿಳೆಯರು. 2023ರ ಜೂನ್ 6ರಂದು ಅದೇ ಉಕ್ರೇನಿನಲ್ಲಿ ಕಖೋವ್ಕಾ ಅಣೆಕಟ್ಟೆ ನಾಶವಾಗಿ ನದಿಪಾತ್ರದ ಊರುಗಳು ಮುಳುಗಿದವು. ಅಣೆಕಟ್ಟೆಗಳ ಮೇಲಿನ ದಾಳಿಯನ್ನು ತಡೆಯಲೆಂದು 1977ರಲ್ಲಿ ಆದ ಜಿನೀವಾ ಹೆಚ್ಚುವರಿ ಒಪ್ಪಂದವೇನೋ ಇದೆ. ಭಾರತವಾಗಲಿ ಪಾಕಿಸ್ತಾನವಾಗಲಿ ಅದರ ಸದಸ್ಯ ದೇಶವಲ್ಲ.

ಶತ್ರುವೇ ಬೇಕೆಂದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿ ನಿಂತಿದ್ದ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನದಿಗೆ ಹರಿದ ನೀರು ಲಕ್ಷ ಕ್ಯುಸೆಕ್ ಸುತ್ತಮುತ್ತ. ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಆ ಬಾಯಿ ಮುಚ್ಚಲು ವಾರ ಹಿಡಿಯಿತು. ದೊಡ್ಡ ಅನಾಹುತ ಆಗಲಿಲ್ಲ ನಿಜ. ಹಾಗಾಗಿಯೇ ಮುಖ್ಯ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಒಂದು ಗೇಟಿನ ಬದಲು ಹತ್ತು ಗೇಟು ಹೋಗಿದ್ದರೆ, ಆ ಸರಿರಾತ್ರಿಯಲ್ಲಿ ಹುಲಗಿ, ಶಿವಪುರ, ಸಾಣಾಪುರ, ಆನೆಗೊಂದಿ, ಚಿಕ್ಕಜಂತಕಲ್‌ಗಳಲ್ಲಿ ಮಲಗಿದ್ದವರನ್ನು ಮನೆ ಮನೆಗೆ ಹೋಗಿ ಎಬ್ಬಿಸುವವರು ಯಾರು? ವಿಮಾನ ಬಂದರೂ ನೀರು ಬಂದರೂ ಊರಿನಲ್ಲಿ ಮಾಡಬೇಕಾದ ಕೆಲಸ ಬಹುಮಟ್ಟಿಗೆ ಒಂದೇ: ಸುದ್ದಿ ಮುಟ್ಟಿಸುವುದು, ಯಾರು ಹೊರಬಂದರು ಯಾರು ಬರಲಿಲ್ಲ ಎಂದು ಲೆಕ್ಕ ಹಿಡಿಯುವುದು, ನಡೆಯಲಾಗದವರನ್ನು ಸಾಗಿಸುವುದು, ಸುಳ್ಳು ಸುದ್ದಿಯನ್ನು ಅಲ್ಲೇ ತಡೆಯುವುದು. 1968ರ ನಾಗರಿಕ ರಕ್ಷಣಾ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ವಿಪತ್ತು ನಿರ್ವಹಣೆಯನ್ನೂ ಅದರೊಳಗೆ ಸೇರಿಸಿದ್ದು ಇದೇ ತಿಳಿವಳಿಕೆಯಿಂದ. ಕಾನೂನು ಬದಲಾಯಿತು, ಹಳ್ಳಿಯವರೆಗೆ ಅದು ಇಳಿಯಲಿಲ್ಲ.

ಈ ಕೆಲಸಕ್ಕೆ ಮಹಿಳೆಯರೇ ಏಕೆ ಎಂಬುದಕ್ಕೆ ತ್ಯಾಗ, ತಾಯ್ತನಗಳ ವರ್ಣನೆ ಬೇಡ, ಊರಿನ ದಿನಚರಿ ನೋಡಿದರೆ ಸಾಕು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಜನ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು, ಅವರನ್ನು ನೋಡಿಕೊಳ್ಳುವ ಹೆಂಗಸರು. ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಅಜ್ಜ ಹಾಸಿಗೆ ಹಿಡಿದಿದ್ದಾನೆ ಎಂಬುದು ತಾಲ್ಲೂಕು ಕಚೇರಿಯ ಕಡತದಲ್ಲಿಲ್ಲ. ಆಶಾ ಕಾರ್ಯಕರ್ತೆಯ ಡೈರಿಯಲ್ಲಿದೆ, ಅಂಗನವಾಡಿಯ ರಿಜಿಸ್ಟರಿನಲ್ಲಿದೆ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂಬುದು ಯೋಜನೆಯ ಲೆಕ್ಕ. ಯಾವ ವಾರ್ಡನ್ ವ್ಯವಸ್ಥೆಯೂ ನಮ್ಮ ಹಳ್ಳಿಗಳಲ್ಲಿ ಇಷ್ಟು ಹತ್ತಿರಕ್ಕೆ ಬಂದಿಲ್ಲ. ಇದಲ್ಲದೆ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ಗಾಡಿಯನ್ನು ಓಡಿಸುವವರು ಸ್ವಸಹಾಯ ಸಂಘದ ಮಹಿಳೆಯರು. ಆ ಗಾಡಿಗೆ ಮೈಕು ಇದೆ, ಓಣಿ ಓಣಿಯ ತಿರುವು ಆಕೆಗೆ ಗೊತ್ತು. ಡಂಗುರ ಸಾರುವವರು ಇಲ್ಲವಾದ ಊರುಗಳಲ್ಲಿ ಎಚ್ಚರಿಕೆ ಕೂಗಲು ಇದಕ್ಕಿಂತ ಅಗ್ಗದ ಸಾಧನವನ್ನು ಯಾವ ಇಲಾಖೆ ಟೆಂಡರ್ ಕರೆದು ತಂದೀತು? ಓದು ಬರಹದ ತಕರಾರೂ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 57ರ ಆಸುಪಾಸಿನಲ್ಲಿತ್ತು; ಆದರೆ ನಾಗರಿಕ ರಕ್ಷಣಾ ದಳ ಸೇರಲು ನಿಯಮಾವಳಿ ಕೇಳುವುದು 18 ವರ್ಷ ವಯಸ್ಸು ಮತ್ತು ನಾಲ್ಕನೇ ತರಗತಿಯ ಓದನ್ನು ಮಾತ್ರ.

ಮನೆ ಮನೆ ಬಲ್ಲ ಮಹಿಳೆಯರಿಂದ ನಾಗರಿಕ ರಕ್ಷಣೆ ಕಟ್ಟುವುದನ್ನು ಎರಡನೇ ಮಹಾಯುದ್ಧದ ಬ್ರಿಟನ್ ಮಾಡಿ ತೋರಿಸಿದೆ. 1938ರಲ್ಲಿ ಅಲ್ಲಿ ಮಹಿಳಾ ಸ್ವಯಂಸೇವಾ ಸಂಸ್ಥೆಯನ್ನು ಕಟ್ಟಿದವರು, ಹಿಂದೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ರೀಡಿಂಗ್ ಅವರ ಪತ್ನಿ ಸ್ಟೆಲ್ಲಾ. ವಾಯುದಾಳಿ ಮುನ್ನೆಚ್ಚರಿಕೆ ಸೇವೆಗೆ ಮಹಿಳೆಯರನ್ನು ಸೇರಿಸುವುದೇ ಅದರ ಮೊದಲ ಉದ್ದೇಶವಾಗಿತ್ತು. ಅದರೊಳಗೆ ಗೃಹಿಣಿಯರದೇ ಒಂದು ವಿಭಾಗ ಬೆಳೆಯಿತು. ಬೀದಿಯಲ್ಲಿ ಯಾವ ಮನೆಯ ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆ, ಕಿವಿ ಕೇಳದ ಮುದುಕಿ ಎಲ್ಲಿದ್ದಾಳೆ ಎಂಬ ವಿವರವನ್ನು ಈ ಹೆಂಗಸರು ವಾರ್ಡನ್‌ಗಳಿಗೆ ಒದಗಿಸುತ್ತಿದ್ದರು. ಬಾಂಬು ಬಿದ್ದ ಮನೆಯ ಅವಶೇಷವನ್ನು ಎಲ್ಲಿ ಅಗೆಯಬೇಕು, ಯಾವಾಗ ಅಗೆಯುವುದನ್ನು ನಿಲ್ಲಿಸಬೇಕು ಎಂಬುದು ಇಂಥ ಮಾಹಿತಿಯಿಂದಲೇ ತೀರ್ಮಾನವಾಗುತ್ತಿತ್ತು. ವಾರ್ಡನ್‌ಗಳಲ್ಲೂ ಸುಮಾರು ಆರರಲ್ಲಿ ಒಬ್ಬರು ಮಹಿಳೆ.

ನಮ್ಮದೇ ದೇಶದ ಉದಾಹರಣೆ ಬೇಕೆಂದರೆ ಎಲ್ಲರೂ ಹೇಳುವುದು ಕಛ್ ಪ್ರದೇಶದ ಮಾಧಾಪರ್ ಕಥೆಯನ್ನು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ವಿಮಾನಗಳು ಭುಜ್ ವಾಯುನೆಲೆಯ ರನ್‌ವೇಯನ್ನು ಹಾಳುಗೆಡವಿದಾಗ, ಮಾಧಾಪರ್‌ನ ಸುಮಾರು 300 ಮಹಿಳೆಯರು ಅದನ್ನು ಮೂರು ದಿನಗಳಲ್ಲಿ ದುರಸ್ತಿ ಮಾಡಿದರು. ಆ ಕಥೆ ಸಿನಿಮಾ ಆಗಿದೆ, ಸ್ಮಾರಕವಾಗಿದೆ. ನಾವು ಅದನ್ನು ಓದುವ ರೀತಿ ಮಾತ್ರ ಅರ್ಧ ತಪ್ಪು. ಧೈರ್ಯವನ್ನಷ್ಟೇ ಹೊಗಳಿ ವ್ಯವಸ್ಥೆಯನ್ನು ಮರೆಯುತ್ತೇವೆ. ಅಂದು ವಾಯುನೆಲೆಯ ಕಮಾಂಡರ್ ಆಗಿದ್ದ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರು ಆ ಹೆಂಗಸರಿಗೆ ಖಚಿತವಾದ ಕೆಲಸ ಕೊಟ್ಟಿದ್ದರು. ಸೈರನ್ ಕೂಗಿದರೆ ಪೊದೆಗಳಲ್ಲಿ ಅಡಗಬೇಕು, ಮತ್ತೆ ಕೂಗಿದರೆ ಕೆಲಸಕ್ಕೆ ಬರಬೇಕು. ಮೇಲಿನಿಂದ ಕಾಣದಂತೆ ಹಸಿರು ಸೀರೆ ಉಡಬೇಕು, ರನ್‌ವೇಗೆ ಸಗಣಿ ಬಳಿಯಬೇಕು. ಗೊತ್ತಾದ ಸಂಕೇತ ಮತ್ತು ಗೊತ್ತಾದ ಕೆಲಸ ಎರಡೂ ಇದ್ದುದರಿಂದ ಸಾಮಾನ್ಯ ಹಳ್ಳಿಯ ಹೆಂಗಸರು ಬಾಂಬ್ ದಾಳಿಯ ನಡುವೆಯೂ ದುಡಿಯಬಲ್ಲವರಾದರು. ಮುಂದಿನ ಯುದ್ಧಕ್ಕೆ ಅದನ್ನು ಸ್ಥಾಯಿ ಸೇವೆಯಾಗಿ ಮಾಡುವ ಯೋಚನೆ ಯಾರಿಗೂ ಬರಲಿಲ್ಲ. ಬಹುಮಾನವಾಗಿ ಬಂದ 50,000 ರೂಪಾಯಿಯನ್ನು ಅವರು ಊರಿನ ಸಮುದಾಯ ಭವನಕ್ಕೆ ಹಾಕಿದರು. ಸ್ಮಾರಕ ಎದ್ದದ್ದು ನಾಲ್ಕು ದಶಕಗಳೂ ಕಳೆದ ಮೇಲೆ.

ಈಗ ಕೈಯಲ್ಲಿ ಮೊಬೈಲ್ ಇದೆಯಲ್ಲ, ಮನುಷ್ಯರೇ ಏಕೆ ಓಡಾಡಬೇಕು ಎಂಬ ವಾದ ಬರುತ್ತದೆ. 2023ರಲ್ಲಿ ಫೋನುಗಳು ಇದ್ದಕ್ಕಿದ್ದಂತೆ ಕಿರುಚಿ ಎಚ್ಚರಿಕೆಯ ಸಂದೇಶ ತೋರಿಸಿದ ಪರೀಕ್ಷೆ ಹಲವರಿಗೆ ನೆನಪಿರಬಹುದು. ಅದು ಒಳ್ಳೆಯ ತಂತ್ರಜ್ಞಾನ, ಇರಲೇಬೇಕು. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ದೇಶದಲ್ಲಿ ಶೇ 54ರಷ್ಟು ಮಾತ್ರ. ಫೋನ್ ಗಂಡನ ಜೇಬಿನಲ್ಲಿ ಗೋವಾಕ್ಕೆ ಹೋಗಿರುವಾಗ ಸಂದೇಶ ಮನೆಗೆ ಹೇಗೆ ಬಂದೀತು? ಇನ್ನೊಂದು ತೊಡಕು ಸುಳ್ಳು ಸುದ್ದಿಯದು. 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿ ಬಾಂಬುಗಳು ಬಿದ್ದ ಬೆನ್ನಿಗೇ, ಜಪಾನಿನ ಹಡಗುಪಡೆ ಬರುತ್ತಿದೆ ಎಂಬ ತಪ್ಪು ವರದಿ ನಂಬಿ ಮದ್ರಾಸ್ ಸರ್ಕಾರವೇ ನಗರ ಬಿಡಲು ಹೇಳಿತು. ಜನ ಗಂಟುಮೂಟೆ ಕಟ್ಟಿ ಓಡಿದರು, ಹಡಗು ಬರಲೇ ಇಲ್ಲ. ವಾಟ್ಸ್‌ಆ್ಯಪ್ ಕಾಲದಲ್ಲಿ ಇದರ ನೂರು ಪಟ್ಟು ಗಾಬರಿ ನಿಮಿಷಗಳಲ್ಲಿ ಹಬ್ಬುತ್ತದೆ. ಪರಿಚಯದ ಮುಖವೊಂದು ಬಾಗಿಲಿಗೆ ಬಂದು ‘ಹೌದವ್ವ, ಖರೇನ ಐತಿ, ಏಳ್ರಿ’ ಎಂದರೆ ಮಾತ್ರ ಮುದುಕರು ಜಾಗ ಬಿಟ್ಟು ಏಳುತ್ತಾರೆ.

ಗಂಭೀರವಾದ ಆಕ್ಷೇಪ ಬೇರೊಂದಿದೆ. ಯುದ್ಧದ ಹೆಸರಿನಲ್ಲಿ ಹೆಂಗಸರನ್ನು ಪ್ರಭುತ್ವದ ಸಿಪಾಯಿಗಳನ್ನಾಗಿ ಮಾಡುವುದು ಸರಿಯೇ ಎಂದು ಸ್ತ್ರೀವಾದಿಗಳೂ ಶಾಂತಿವಾದಿಗಳೂ ಕೇಳುತ್ತಾರೆ. ಆ ಭಯಕ್ಕೆ ಇತಿಹಾಸದ ಆಧಾರವಿದೆ. ಜಪಾನ್ ತನ್ನ ನೆರೆಹೊರೆ ಸಂಘಗಳ ಮೂಲಕ ಗೃಹಿಣಿಯರಿಗೆ ಬಕೆಟ್ ಸಾಲಿನ ತಾಲೀಮು ಕೊಟ್ಟಿತ್ತು. ಮನೆ ಬಿಟ್ಟು ಓಡಬೇಡಿ, ಬೆಂಕಿ ಆರಿಸಿ ಎಂಬುದು ಕಾನೂನಿನ ಬಲವಿದ್ದ ಆಜ್ಞೆ. 1945ರ ಮಾರ್ಚ್ 9–10ರ ನಡುವಿನ ರಾತ್ರಿ ಟೋಕಿಯೊ ಮೇಲೆ ಬೆಂಕಿಬಾಂಬುಗಳ ಮಳೆ ಸುರಿದಾಗ ಬಕೆಟ್‌ಗಳಿಂದ ಏನೂ ಆಗಲಿಲ್ಲ. ಸುಮಾರು ಒಂದು ಲಕ್ಷ ಜನ ಸತ್ತರು. ಈ ಉದಾಹರಣೆ ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೊಂದು ಮಿತಿ ಹಾಕುತ್ತದೆ. ಊರಿನ ಮಹಿಳೆಯ ಕೆಲಸ ಎಚ್ಚರಿಸುವುದು, ಹೊರಡಿಸುವುದು, ಲೆಕ್ಕ ಕೊಡುವುದು. ಬೆಂಕಿಗೆ ಇಳಿಯುವುದು, ನೀರಿಗೆ ಧುಮುಕುವುದು ಅಗ್ನಿಶಾಮಕ ದಳ ಮತ್ತು ರಾಜ್ಯ ವಿಪತ್ತು ಸ್ಪಂದನಾ ಪಡೆಗೆ (ಎಸ್‌ಡಿಆರ್‌ಎಫ್) ಸೇರಿದ್ದು. ತನ್ನ ಜೀವಕ್ಕೆ ಅಪಾಯವಾದಾಗ ಜಾಗ ಬಿಡುವ ಹಕ್ಕು ಆಕೆಗೆ ಬರಹದಲ್ಲಿ ಇರಬೇಕು. ಕೋವಿ ಹಿಡಿಯದ, ಯಾರನ್ನೂ ಕೊಲ್ಲದ ಈ ಕೆಲಸವನ್ನು ಸೈನಿಕೀಕರಣ ಎನ್ನುವುದು ಅತಿಯಾಯಿತು. ಸುದ್ದಿ ಮುಟ್ಟದೆ ಮೊದಲು ಸಾಯುವವರೂ ಬಹಳ ಸಲ ಹೆಂಗಸರೇ. ನೇಹೈಮ್ ಶಿಬಿರದಲ್ಲಿ ನೀರುಪಾಲಾದವರೂ ಹೆಂಗಸರೇ.

ಇನ್ನು ಹಣದ ಮಾತು. ಇದನ್ನು ಸರ್ಕಾರಗಳು ಕೊನೆಗೆ ಇಡುತ್ತವೆ, ಇಲ್ಲವೇ ಬಿಟ್ಟೇಬಿಡುತ್ತವೆ. ಯುದ್ಧಕಾಲದ ಬ್ರಿಟನ್ನಿನಲ್ಲಿ ಪೂರ್ಣಾವಧಿಯ ವಾಯುದಾಳಿ ಮುನ್ನೆಚ್ಚರಿಕೆ ಸೇವೆಗೆ ವಾರಕ್ಕೆ ಗಂಡಸಿಗೆ 3 ಪೌಂಡ್, ಹೆಂಗಸಿಗೆ 2 ಪೌಂಡ್ ಇತ್ತು. ಅದೇ ಬಾಂಬಿಗೆ ಅದೇ ಕಾಲು ಹೋದರೂ ಹೆಂಗಸಿಗೆ ಪರಿಹಾರ ಕಡಿಮೆ. ಮೇವಿಸ್ ಟೇಟ್, ಎಡಿತ್ ಸಮ್ಮರ್‌ಸ್ಕಿಲ್ ಮುಂತಾದ ಸಂಸದೆಯರು ವರ್ಷಗಟ್ಟಲೆ ಹೋರಾಡಿದ ಮೇಲೆ 1943ರಲ್ಲಿ ಪರಿಹಾರ ಸಮಾನವಾಯಿತು. ನಮ್ಮಲ್ಲಿ 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು. ಇಂಥವರ ಹೆಗಲಿಗೆ ಇನ್ನೊಂದು ಹೊರೆ ಬೇಡ ಎನ್ನುವವರು ಅವರ ಹಿತೈಷಿಗಳೇ, ಅವರ ಮಾತು ನ್ಯಾಯವಾದದ್ದೇ. ಆದರೆ ಆಪತ್ತು ಬಂದ ದಿನ ಯಾವ ಆದೇಶವೂ ಇಲ್ಲದೆ ಈ ಹೊರೆ ಹೇಗೂ ಇವರ ಮೇಲೇ ಬೀಳುತ್ತದೆ. ಕೋವಿಡ್‌ನಲ್ಲಿ ಮನೆ ಮನೆಗೆ ಹೋದವರು ಯಾರೆಂಬುದು ಗೊತ್ತಿರುವ ವಿಷಯ. ಆಗ, 2020ರಲ್ಲಿ, ಆಶಾ ಕಾರ್ಯಕರ್ತೆಯರನ್ನೂ ಸೇರಿಸಿ 50 ಲಕ್ಷ ರೂಪಾಯಿಯ ವಿಮೆ ಘೋಷಿಸಲು ಕೇಂದ್ರಕ್ಕೆ ಸಾಧ್ಯವಾಯಿತು. ಅಂದರೆ ದಾರಿ ಇದೆ. ಒಪ್ಪಿಗೆ ಕೊಟ್ಟವರನ್ನು ಮಾತ್ರ 1968ರ ಕಾಯ್ದೆಯಡಿ ನಾಗರಿಕ ರಕ್ಷಣಾ ದಳಕ್ಕೆ ಹೆಸರು ಹಚ್ಚಿ, ಗುರುತಿನ ಚೀಟಿ ಕೊಟ್ಟು, ತಾಲೀಮಿನ ದಿನಕ್ಕೂ ಕರ್ತವ್ಯದ ದಿನಕ್ಕೂ ಗೃಹರಕ್ಷಕರಿಗೆ ಕೊಡುವಷ್ಟೇ ಭತ್ಯೆ ಕೊಟ್ಟು, ವಿಮೆಯನ್ನು ಆಪತ್ತಿಗೆ ಮೊದಲೇ ಮಾಡಿಸಬೇಕು. ಒಲ್ಲೆ ಎಂದವಳ ಗೌರವಧನಕ್ಕೆ ಕತ್ತರಿ ಬೀಳಬಾರದು.

ಶುರು ಮಾಡಲು ದೆಹಲಿಯ ಪತ್ರಕ್ಕೆ ಕಾಯಬೇಕಿಲ್ಲ. ಮಳೆಗಾಲಕ್ಕೆ ಮುಂಚೆ, ಕೊಪ್ಪಳ ಮತ್ತು ಗಂಗಾವತಿ ತಾಲ್ಲೂಕುಗಳ ನದಿದಂಡೆಯ ಪಂಚಾಯಿತಿಗಳಲ್ಲಿ ಜಿಲ್ಲಾಡಳಿತ ಒಂದು ತಾಲೀಮು ನಡೆಸಲಿ. ಸಾವಿರಾರು ಭಕ್ತರು ಹೊಳೆಗೆ ಇಳಿಯುವ ಹುಣ್ಣಿಮೆಯ ದಿನ ಹುಲಗಿಯಲ್ಲೇ ಅದಾಗಲಿ, ಮುನ್ಸೂಚನೆಯಿಲ್ಲದ ಹೊತ್ತಿನಲ್ಲಿ. ಸೈರನ್ ಕೂಗಿದ ಎಷ್ಟು ಹೊತ್ತಿಗೆ ಊರಿನ ಕೊನೆಯ ಮನೆಗೆ ಸುದ್ದಿ ಮುಟ್ಟಿತು, ಯಾರ ಮನೆ ತಪ್ಪಿಹೋಯಿತು ಎಂದು ಗಡಿಯಾರ ಹಿಡಿದು ಬರೆದುಕೊಂಡು, ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ. ಓಡಾಡಿದ ಹೆಂಗಸರ ಆ ದಿನದ ಭತ್ಯೆ ಅದೇ ವಾರ ಅವರ ಖಾತೆಗೆ ಬರಲಿ.