ಸಸಿ ನೆಟ್ಟರೆ ಮುಗಿಯಿತೇ ಪರಿಸರ ಪಾಠ?

ಮಂಡ್ಯ: ಜೂನ್ 5 ಬಂತೆಂದರೆ ಜಿಲ್ಲೆಯ ಶಾಲಾ ಅಂಗಳಗಳಲ್ಲಿ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಮುಖ್ಯ ಅತಿಥಿಯ ಕೈಯಲ್ಲಿ ಸಸಿ, ಹಿಂದೆ ಸಮವಸ್ತ್ರ ತೊಟ್ಟ ಮಕ್ಕಳ ಸಾಲು, ಪ್ರತಿಜ್ಞಾವಿಧಿ, ಗುಂಪು ಭಾವಚಿತ್ರ, ಕೊನೆಗೊಂದು ಸಿಹಿ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡಬೇಕಾಗಿ ಬಂದರೂ ಯಾರೂ ಅಚ್ಚರಿಪಡುವುದಿಲ್ಲ. ಹೋದ ವರ್ಷದ್ದು ಏನಾಯಿತೆಂದು ಕೇಳುವ ಮಗುವೊಂದಿದ್ದರೆ ಪರಿಸರ ಪಾಠ ಅಲ್ಲಿಂದಲೇ ಆರಂಭವಾಗಬಹುದಿತ್ತು.

ಆ ಪ್ರಶ್ನೆಗೆ ಉತ್ತರ ಕಷ್ಟದ್ದೇನೂ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಜೂನ್-ಜುಲೈ ತಿಂಗಳು ಮಲೆನಾಡಿನ ಮಳೆಗಾಲವಲ್ಲ. ಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿಗೆ ಮೇ ತಿಂಗಳಲ್ಲಿ ಒಂದಷ್ಟು ಹದಮಳೆ ಬಿದ್ದರೆ, ನೆಲ ನಿಜವಾಗಿ ತಣಿಯುವುದು ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಜೂನ್ ಮೊದಲ ವಾರ ನೆಟ್ಟ ಸಸಿ ಮೂರು ತಿಂಗಳು ಗಾಳಿ-ಬಿಸಿಲಿಗೆ ಒಡ್ಡಿಕೊಂಡು ನಿಲ್ಲಬೇಕು. ಅದನ್ನೂ ದಾಟಿದರೆ ಏಪ್ರಿಲ್-ಮೇ ರಜೆಯಲ್ಲಿ ನೀರೆರೆಯುವವರಿಲ್ಲ. ಈ ಲೆಕ್ಕ ಇಲ್ಲಿನ ಯಾವ ರೈತನಿಗೂ ಹೊಸತಲ್ಲ. ಆದರೆ 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗೆ ನಿಗದಿಯಾದ ದಿನಾಂಕವೇ ಮಂಡ್ಯದ ಶಾಲೆಗೂ ಗಿಡ ನೆಡುವ ಮುಹೂರ್ತವಾಗಿಬಿಟ್ಟಿದೆ. ದಿನಾಚರಣೆ ಬೇಡವೆಂದಲ್ಲ, ಅಂದು ಬೀಜ ಬಿತ್ತಿ ಸಸಿಮಡಿ ಮಾಡಿ, ಹಸ್ತದ ಮಳೆಗೆ ನೆಟ್ಟರೆ ಯಾವ ಸುತ್ತೋಲೆಯೂ ಅಡ್ಡಬರಲಾರದು.

ಪರಿಸರ ಶಿಕ್ಷಣ ಕಾನೂನಿನ ಬೆಂಬಲವಿಲ್ಲದೆ ಸೊರಗಿದೆ ಎನ್ನುವಂತೆಯೂ ಇಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿಯೇ ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯಗೊಳಿಸಬೇಕೆಂದು ಹೇಳಿತ್ತು. ಆದೇಶ ಕಡತದಲ್ಲೇ ಉಳಿದಾಗ 2003ರ ಡಿಸೆಂಬರ್‌ನಲ್ಲಿ ಮತ್ತೆ ಚಾಟಿ ಬೀಸಿ, ಪಠ್ಯಕ್ರಮ ರೂಪಿಸುವಂತೆ ಎನ್‌ಸಿಇಆರ್‌ಟಿಗೆ ಸೂಚಿಸಿತು. ಅದಕ್ಕೂ ಮುನ್ನ 2001-02ರಲ್ಲಿ ಕೇಂದ್ರ ಪರಿಸರ ಸಚಿವಾಲಯದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿಕೊಂಡವು. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಯುವ ಮತ್ತು ಇಕೋ ಕ್ಲಬ್ ಬಾಬ್ತಿಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5 ಸಾವಿರ, ಹಿರಿಯ ಪ್ರಾಥಮಿಕಕ್ಕೆ 15 ಸಾವಿರ, ಪ್ರೌಢಶಾಲೆಗೆ 25 ಸಾವಿರ ರೂಪಾಯಿವರೆಗೆ ನೀಡಲು ಅವಕಾಶವಿದೆ. 2022ರ ಅಕ್ಟೋಬರ್‌ನಲ್ಲಿ ‘ಮಿಷನ್ ಲೈಫ್’ ಘೋಷಣೆಯಾದ ಮೇಲೆ ಕ್ಲಬ್‌ಗಳ ಹೆಸರಿಗೂ ಅದು ಸೇರಿಕೊಂಡಿತು. 2024ರಿಂದ ತಾಯಿಯ ಹೆಸರಿನಲ್ಲಿ ಗಿಡ ನೆಡುವ ಅಭಿಯಾನವೂ ಜೊತೆಯಾಯಿತು. ನೆಟ್ಟ ಗಿಡದ ಚಿತ್ರವನ್ನು ಜಾಲತಾಣಕ್ಕೆ ಏರಿಸುವುದು ಶಿಕ್ಷಕರ ಪಾಲಿನ ಮತ್ತೊಂದು ಕೆಲಸವಾಯಿತು. ಹೀಗೆ ಎಣಿಕೆಯಾಗುವುದು ನೆಟ್ಟ ಗಿಡ. ಬದುಕಿದ ಗಿಡವನ್ನು ಎಣಿಸಿ ವರದಿ ಮಾಡುವ ಒತ್ತಡ ಮುಖ್ಯ ಶಿಕ್ಷಕರ ಮೇಲಿಲ್ಲ.

ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪರಿಸರ ಪಾಠಕ್ಕೆ ಪಠ್ಯಪುಸ್ತಕವನ್ನೇ ತೆರೆಯಬೇಕಿಲ್ಲದ ಊರೊಂದಿದೆ. ಶಿಂಷಾ ತೀರದ ಕೊಕ್ಕರೆಬೆಳ್ಳೂರು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಕಾಡಿನಲ್ಲಲ್ಲ, ಊರೊಳಗಿನ ಹುಣಸೆ, ಆಲ, ಅತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು ಬೇಸಿಗೆಯ ಕೊನೆಗೆ ಮರಿಗಳೊಂದಿಗೆ ಹಾರುವ ಇವು ಊರವರ ಪಾಲಿಗೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಿದ್ದ ಊರಿದು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮೂಲಕ ಈ ಸಂಬಂಧ ಹೊರಜಗತ್ತಿಗೆ ತಿಳಿಯಿತು. ಗೂಡಿದ್ದ ಮರದ ಹುಣಸೆಹಣ್ಣನ್ನು ಬಡಿಯದೆ ಬಿಟ್ಟರೆ ಮಾಲೀಕನಿಗೆ ನಷ್ಟ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡ ಊರಿನ ಯುವಕರೊಂದಿಗೆ ಕೆಲಸ ಆರಂಭಿಸಿತು, ಹೆಜ್ಜಾರ್ಲೆ ಬಳಗ ರೂಪುಗೊಂಡಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಆವರಣದಲ್ಲಿರಿಸಿ, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕ್ರಮ ಬೆಳೆಯಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿನ ಪಾಠ ‘ಪಕ್ಷಿಗಳನ್ನು ಪ್ರೀತಿಸಿ’ ಎಂಬ ಗೋಡೆಬರಹದಷ್ಟು ಸರಳವಲ್ಲ. ಹುಣಸೆಮರ ಒಬ್ಬ ರೈತನ ಆಸ್ತಿ. ಪರಿಹಾರದ ಮೊತ್ತ ಹಣ್ಣಿನ ಬೆಲೆಗೆ ಸಾಟಿಯಾಗದಿದ್ದರೆ, ಕೊಡುವುದು ತಡವಾದರೆ, ಮರ ಎಷ್ಟು ದಿನ ಉಳಿದೀತು? 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದವು. ಕಾರಣ ಜಂತುಹುಳು ಬಾಧೆ ಎಂದು ಪರೀಕ್ಷೆಗಳು ಹೇಳಿದವು. ಆ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಮೀನು ಸಿಗುವುದು ಸುತ್ತಲ ಕೆರೆಗಳಲ್ಲಿ. ಅಲ್ಲಿಗೆ ಹಕ್ಕಿಯ ಸಾವಿನ ಜಾಡು ಹಿಡಿದರೆ ಕೆರೆಯ ನೀರಿಗೆ, ಕೆರೆಗೆ ಹರಿದುಬರುವ ಊರಿನ ಕೊಳಚೆಗೆ ಹೋಗಿ ಮುಟ್ಟಬೇಕಾಗುತ್ತದೆ. ಆಹಾರ ಸರಪಳಿ ಎಂದು ಕಪ್ಪುಹಲಗೆಯ ಮೇಲೆ ಬಾಣ ಎಳೆದು ಕಲಿಸುವುದನ್ನು ಮದ್ದೂರಿನ ಮಕ್ಕಳು ಕಣ್ಣಾರೆ ಕಂಡರು. ಅದನ್ನು ಪಾಠವಾಗಿ ಮಾರ್ಪಡಿಸುವ ಪುಸ್ತಕ ಮಾತ್ರ ಅವರ ಕೈಗೆ ಬರಲಿಲ್ಲ. ಬೀದರಿನ ಮಗು ಓದುವ ಪರಿಸರ ಅಧ್ಯಯನವನ್ನೇ ಮದ್ದೂರಿನ ಮಗುವೂ ಓದುತ್ತದೆ. ಇನ್ನೊಂದು ವಿಪರ್ಯಾಸ: ಮರಿಗಳು ಬೆಳೆಯುವ, ಬೀಳುವ, ಹಾರಲು ಕಲಿಯುವ ತಿಂಗಳುಗಳೇ ಪರೀಕ್ಷೆಯ ತಿಂಗಳುಗಳು. ಆಗ ಪ್ರವಾಸವೆಂದರೆ ಪೋಷಕರೂ ಒಪ್ಪುವುದಿಲ್ಲ.

ಮಳವಳ್ಳಿಯ ಉದಾಹರಣೆ ಬೇರೆಯದೇ ಬಗೆಯದು. ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಪ್ರಾಣಿ-ಪಕ್ಷಿಗಳಿಗೆ ನೀರಿಲ್ಲವೆಂದು ದಶಕಗಳ ಕಾಲ ದುಡಿದು ಹದಿನಾರರಷ್ಟು ಕಟ್ಟೆಗಳನ್ನು ತೋಡಿಸಿದರು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಅವರ ಹೆಸರು ಹೇಳಿದ ಮೇಲೆ ಸನ್ಮಾನಗಳ ಸುರಿಮಳೆಯಾಯಿತು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಪ್ರಬಂಧ ಸ್ಪರ್ಧೆಗಳಲ್ಲಿ ‘ಕೆರೆ ಕಾಮೇಗೌಡ’ ಎಂಬ ವಿಷಯ ಕೊಡುವುದು ಸುಲಭ. ಬೆಟ್ಟದ ಇಳಿಜಾರಿನಲ್ಲಿ ಯಾವ ಎಡೆಯಲ್ಲಿ ತೋಡಿದರೆ ನೀರು ನಿಲ್ಲುತ್ತದೆಂದು ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರು ಕಂಡುಕೊಂಡಿದ್ದು ಹೇಗೆ ಎಂಬುದನ್ನು ಮಕ್ಕಳು ಅದೇ ಬೆಟ್ಟ ಹತ್ತಿ ತಿಳಿಯಬೇಕಷ್ಟೆ. ಹೂಳೆತ್ತದಿದ್ದರೆ ಆ ಕಟ್ಟೆಗಳಿಗೂ ಬೇರೆ ಕೆರೆಗಳ ಗತಿಯೇ.

ಇನ್ನು ನೀರು. ಜಿಲ್ಲೆಯ ಮಕ್ಕಳಿಗೆ ಕಾವೇರಿ ಹೆಚ್ಚಾಗಿ ಪರಿಚಯವಾಗುವುದು ಬಂದ್ ದಿನದ ರಜೆಯ ಮೂಲಕ. 2016ರಲ್ಲೂ 2023ರ ಸೆಪ್ಟೆಂಬರ್‌ನಲ್ಲೂ ಮಂಡ್ಯದ ಬೀದಿ ಹೊತ್ತಿದ್ದನ್ನು ಅವರು ನೋಡಿದ್ದಾರೆ. ರೈತರ ಸಂಕಟ ನಿಜ, ಹೋರಾಟವೂ ನ್ಯಾಯವಾದದ್ದೇ. ಆದರೆ ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಯಾಕೆ ತಲುಪುವುದಿಲ್ಲ, ಮೇಲಿನ ಗದ್ದೆಗಳಲ್ಲಿ ನೀರು ನಿಂತು ನೆಲ ಚೌಳಾಗಿದ್ದೇಕೆ, ಕಬ್ಬಿನ ತರಗನ್ನು ಸುಡುವುದರಿಂದ ಹೊಲ ಕಳೆದುಕೊಳ್ಳುವುದೇನು ಎಂಬ ಪ್ರಶ್ನೆಗಳೂ ತರಗತಿಗೆ ಸೇರಿದವೇ. ಇವು ಅಪ್ಪನ ಗದ್ದೆಯನ್ನೇ ಪ್ರಶ್ನಿಸುವಂಥವು. ಶಿಕ್ಷಕರು ಹಿಂಜರಿಯುವುದೂ ಅದಕ್ಕೇ ಇರಬಹುದು.

ಚಿಕ್ಕ ಮಕ್ಕಳ ವಿಷಯದಲ್ಲಿ ಚಿತ್ರ ಇನ್ನೂ ಮಬ್ಬು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಆರಂಭವಾದಾಗ ರಾಜ್ಯದ ಪಾಲಿಗೆ ಪ್ರಯೋಗಕ್ಕೆ ಆಯ್ಕೆಯಾದದ್ದು ಮಳವಳ್ಳಿಯ ನೆರೆಯ ತಿ. ನರಸೀಪುರ. ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯದಲ್ಲಿ ಗಿಡ, ಪ್ರಾಣಿ, ಹಕ್ಕಿ, ನೀರು ಎಲ್ಲವೂ ಕಥೆ-ಹಾಡು-ಆಟಗಳಾಗಿ ಬರುತ್ತವೆ. ಕಲ್ಪನೆ ಚೆನ್ನಾಗಿದೆ. ಆದರೆ ತೂಕ ನೋಡುವ, ಆಹಾರ ಹಂಚುವ, ಸಮೀಕ್ಷೆಗೆ ಹೋಗುವ, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ಎಲ್ಲವನ್ನೂ ದಾಖಲಿಸುವ ಕಾರ್ಯಕರ್ತೆಗೆ ಹಾಡಿಗೆ ಉಳಿಯುವ ವೇಳೆ ಎಷ್ಟು? ಪೌಷ್ಟಿಕ ಕೈತೋಟ ಮಾಡಿ ಎನ್ನುತ್ತದೆ ಸರ್ಕಾರ. ಬಾಡಿಗೆ ಕೋಣೆಯಲ್ಲಿ ನಡೆಯುವ ಕೇಂದ್ರಕ್ಕೆ ಅಂಗೈಯಗಲದ ಅಂಗಳವೂ ಇರುವುದಿಲ್ಲ. ಪಟ್ಟಣದ ಖಾಸಗಿ ಶಿಶುವಿಹಾರಗಳಲ್ಲಿ ‘ಗ್ರೀನ್ ಡೇ’ ನಡೆಯುತ್ತದೆ. ಬದನೆಕಾಯಿ ವೇಷ ತೊಟ್ಟ ಮಗುವಿನ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಬದನೆ ಗಿಡವಿರುವ ಹೊಲ ಶಾಲಾ ವಾಹನದ ಕಿಟಕಿಯಾಚೆಗೇ ಉಳಿಯುತ್ತದೆ. ನಾಲ್ಕು ವರ್ಷದ ಮಗುವಿಗೆ ಸುಸ್ಥಿರತೆ ಎಂಬ ಪದ ಬೇಕಿಲ್ಲ. ಹಿತ್ತಲಲ್ಲಿ ನಾಲ್ಕು ಅವರೆ ಬೀಜ ಊರಿ, ಬಳ್ಳಿ ಹಬ್ಬಿದಾಗ ಅದರ ಕಾಯಿ ತನ್ನ ತಟ್ಟೆಗೆ ಬಂದುದನ್ನು ಅದು ನೋಡಿದರೆ ಸಾಕು.

ಅಡುಗೆಮನೆಯೂ ಪಾಠಶಾಲೆಯೇ. ಬಿಸಿಯೂಟದ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿನ ಪುಡಿಯ ಖಾಲಿ ಪೊಟ್ಟಣಗಳು ತಿಂಗಳಿಗೆ ಎಷ್ಟಾಗುತ್ತವೆ, ಅವನ್ನು ಸುಡಲಾಗುತ್ತದೋ ಪಂಚಾಯಿತಿಯ ಕಸದ ಗಾಡಿಗೆ ಕೊಡಲಾಗುತ್ತದೋ? ರಾಜ್ಯ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತ್ತು. ಆದರೂ ಶಾಲಾ ಸಮಾರಂಭದ ಮಾರನೇ ದಿನ ಅಂಗಳ ಗುಡಿಸುವ ಮಕ್ಕಳಿಗೆ ಆ ಆದೇಶದ ಬೆಲೆ ಗೊತ್ತು.

2023ರ ಮಾರ್ಚ್‌ನಲ್ಲಿ ಮದ್ದೂರಿನ ಗೆಜ್ಜಲಗೆರೆ ಬಳಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಹಳೆಯ ರಸ್ತೆಯ ಸಾಲುಮರಗಳನ್ನು ಅದರ ಅಗಲೀಕರಣ ನುಂಗಿದ್ದನ್ನು ದಿನವೂ ಆ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ನೋಡಿದ್ದಾರೆ. ಅವರ ಮುಂದೆ ವರ್ಷಕ್ಕೊಮ್ಮೆ ಮರದ ಮಹತ್ವ ಕುರಿತು ಭಾಷಣ ಮಾಡುವವರು ಈ ಪ್ರಶ್ನೆಗೂ ಸಿದ್ಧರಾಗಿ ಬರಬೇಕು.

ಮಾಡಬೇಕಾದದ್ದಕ್ಕೆ ಹೊಸ ಯೋಜನೆ ಬೇಕಿಲ್ಲ. ಮಂಡ್ಯದ ಡಯಟ್ ಮನಸ್ಸು ಮಾಡಿದರೆ ಕೊಕ್ಕರೆಬೆಳ್ಳೂರು, ಶಿಂಷಾ, ನಾಲೆ, ಚೌಳುನೆಲ, ಕಾಮೇಗೌಡರ ಕಟ್ಟೆಗಳ ಕುರಿತು ಐವತ್ತು ಪುಟದ ಪೂರಕ ಪುಸ್ತಿಕೆಯೊಂದನ್ನು ಶಿಕ್ಷಕರಿಂದಲೇ ಬರೆಸಬಹುದು. ‘ಚಿಣ್ಣರ ವನದರ್ಶನ’ದಂಥ ಪ್ರವಾಸಗಳಲ್ಲಿ ದೂರದ ಕಾಡಿನ ಜೊತೆಗೆ ಊರ ಹುಣಸೆಮರಕ್ಕೂ ಒಂದು ದಿನ ಸಿಗಬಹುದು. ಇಕೋ ಕ್ಲಬ್‌ನ ಹಣ ಬ್ಯಾನರ್‌ಗೆ ಹೋಗಬೇಕೋ ಸಸಿಯ ಸುತ್ತ ಬೇಲಿಗೆ ಮತ್ತು ಬೇಸಿಗೆಯ ನೀರಿಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸಲು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾಗಿಲ್ಲ. ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಒಂದು ಸಭೆಯಲ್ಲಿ ಚರ್ಚಿಸಿ ನಿರ್ಧರಿಸಬಹುದಾದ ಸಂಗತಿ ಅದು.